ಬೆಳ್ಳಿ ಒಡವೆ ಬೆಳಗುವಿಕೆ: ಇತಿಹಾಸ

ಕಪ್ಪುಗಟ್ಟಿದ ಬೆಳ್ಳಿಯ ಹೊಳಪನ್ನು ಮರಳಿಸುವ ಕ್ರಮಗಳ ಚರಿತ್ರೆ. ಗಾಳಿಯಲ್ಲಿರುವ ಗಂಧಕದ ಅನಿಲಗಳು, ಮುಖ್ಯವಾಗಿ ಹೈಡ್ರೊಜನ್ ಸಲ್ಫೈಡ್, ತಾಗಿದಾಗ ಬೆಳ್ಳಿಯ ಮೇಲೆ ಸಿಲ್ವರ್ ಸಲ್ಫೈಡಿನ ಪೊರೆ ಕಟ್ಟುತ್ತದೆ. ಅದು ಮೊದಲು ತಿಳಿಹಳದಿ, ಬಳಿಕ ಕಂದು, ನೀಲಿ, ಕೊನೆಗೆ ಕಪ್ಪು. ಇದು ಕಬ್ಬಿಣದ ತುಕ್ಕಿನಂತೆ ಆಮ್ಲಜನಕದ ಕೆಲಸವಲ್ಲ. ಅಂಗಡಿಗಳಲ್ಲಿ ‘ಆಕ್ಸಿಡೈಸ್ಡ್’ ಎಂದು ಮಾರುವ ಕಪ್ಪು ಒಡವೆಗಳ ಮೇಲಿರುವುದೂ ಸಾಮಾನ್ಯವಾಗಿ ಗಂಧಕದ ಸಂಯುಕ್ತವೇ. ಗಟ್ಟಿತನಕ್ಕಾಗಿ ಬೆರೆಸುವ ತಾಮ್ರ (ಸ್ಟರ್ಲಿಂಗ್ ಬೆಳ್ಳಿಯಲ್ಲಿ ಶೇ. 7.5) ಪೊರೆ ಕಟ್ಟುವುದಕ್ಕೆ ನೆರವಾಗುತ್ತದೆ. ಮಣ್ಣಿನಲ್ಲಿ ಹೂತಿದ್ದ ಬೆಳ್ಳಿಯ ವಿಷಯ ಬೇರೆ. ಅಲ್ಲಿ ಉಪ್ಪಿನಂಶ ತಾಗಿ ಲೋಹವೇ ಸಿಲ್ವರ್ ಕ್ಲೋರೈಡ್ ಆಗಿ ಮಾರ್ಪಡುತ್ತದೆ. ಪೆಟ್ಟಿಗೆಯಲ್ಲಿಟ್ಟ ಕಾಲ್ಗೆಜ್ಜೆಗೂ ಉತ್ಖನನದಲ್ಲಿ ಸಿಕ್ಕ ಬಳೆಗೂ ಒಂದೇ ಮದ್ದು ಸಲ್ಲದು.

ಈ ವಿಷಯದ ಬರಹಗಳಲ್ಲಿ ಪ್ರಾಚೀನ ಭಾರತದ ಆಧಾರಗಳೆಂದು ಪದೇಪದೇ ಕಾಣಿಸುವ ಎರಡು ಗ್ರಂಥಗಳನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಅಕ್ಕಸಾಲೆಯ ಅಧಿಕಾರಿಯ ಕರ್ತವ್ಯಗಳನ್ನು ಹೇಳುವಾಗ ಬೆಳ್ಳಿಯ ಬಗೆಗಳು ಬರುತ್ತವೆ. ಬಿಳುಪಾಗಿ, ನುಣುಪಾಗಿ, ಮೆದುವಾಗಿರುವುದು ಶ್ರೇಷ್ಠವೆಂದೂ ಕೆಟ್ಟದ್ದನ್ನು ನಾಲ್ಕರಲ್ಲೊಂದು ಪಾಲು ಸೀಸ ಸೇರಿಸಿ ಶೋಧಿಸಬೇಕೆಂದೂ ಅಲ್ಲಿದೆ. ಇದು ಪುಟವಿಟ್ಟು ಲೋಹವನ್ನೇ ಶುದ್ಧಗೊಳಿಸುವ ಕ್ರಮ. ಮಾಡಿಟ್ಟ ಒಡವೆಯನ್ನು ಬೆಳಗುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಮನುಸ್ಮೃತಿಯ ಐದನೆಯ ಅಧ್ಯಾಯ ಲೇಪವಿಲ್ಲದ ಚಿನ್ನದ ಪಾತ್ರೆ ಮತ್ತು ಕೆತ್ತನೆಯಿಲ್ಲದ ಬೆಳ್ಳಿ ಬರೀ ನೀರಿನಿಂದ ಶುದ್ಧವೆನ್ನುತ್ತದೆ, ತಾಮ್ರ, ಕಂಚು, ಹಿತ್ತಾಳೆ, ತವರಗಳಿಗೆ ಬೂದಿ, ಹುಳಿ, ನೀರು ಬೇಕೆನ್ನುತ್ತದೆ. ಇಲ್ಲಿ ಮಾತು ಮಡಿ-ಮೈಲಿಗೆಯದು. ನೀರಿನಿಂದ ತೊಳೆದ ಬೆಳ್ಳಿ ಮಡಿಯಾಗಬಹುದು, ಅದರ ಕಪ್ಪು ಮಾತ್ರ ಹೋಗದು. ಲೋಹಶೋಧನೆ, ಆಚಾರಶುದ್ಧಿ, ಬೆಳಗುವಿಕೆ ಈ ಮೂರೂ ‘ಶುದ್ಧಿ’ಯ ಹೆಸರಿನಲ್ಲಿ ಕಲಸಿಹೋಗಿರುವುದರಿಂದ, ‘ಎರಡು ಸಾವಿರ ವರ್ಷದ ಭಾರತೀಯ ವಿಧಾನ’ ಎಂಬಂಥ ಹೇಳಿಕೆಗಳಿಗೆ ಈ ಗ್ರಂಥಗಳು ಆಧಾರವಾಗಲಾರವು.

ಬೆಳಗುವುದರ ನೇರ ಉಲ್ಲೇಖ ಸಿಗುವುದು ರೋಮಿನ ಪ್ಲಿನಿಯಲ್ಲಿ. ಕ್ರಿ.ಶ. 79ರಲ್ಲಿ ತೀರಿಕೊಂಡ ಈತ ತನ್ನ ನಿಸರ್ಗ ಚರಿತ್ರೆಯ 33ನೆಯ ಸಂಪುಟದಲ್ಲಿ, ಗಟ್ಟಿಯಾಗಿ ಬೇಯಿಸಿದ ಮೊಟ್ಟೆಯ ಹಳದಿ ಬೆಳ್ಳಿಯನ್ನು ಕಪ್ಪಾಗಿಸುತ್ತದೆ, ವಿನೆಗರ್ ಮತ್ತು ಸೀಮೆಸುಣ್ಣದಿಂದ ಉಜ್ಜಿದರೆ ಅದು ಹೋಗುತ್ತದೆ ಎಂದು ಬರೆದಿದ್ದಾನೆ. ಹಳದಿಯಲ್ಲಿರುವ ಗಂಧಕವೇ ಕಾರಣವೆಂದು ಅವನಿಗೆ ತಿಳಿಯುವಂತಿರಲಿಲ್ಲ. ಹೈಡ್ರೊಜನ್ ಸಲ್ಫೈಡನ್ನು ಷೀಲೆ ಎಂಬ ರಸಾಯನಜ್ಞ ವಿವರಿಸಿದ್ದು 1777ರಲ್ಲಿ. ಅದೇ ಪುಟದಲ್ಲಿ ಪ್ಲಿನಿ ಇನ್ನೊಂದು ಸಂಗತಿ ದಾಖಲಿಸುತ್ತಾನೆ: ಈಜಿಪ್ಟಿನವರು ಬೆಳ್ಳಿಗೆ ತಾಮ್ರ, ಗಂಧಕ ಸೇರಿಸಿ ಬೇಕೆಂದೇ ಕಪ್ಪಾಗಿಸುತ್ತಿದ್ದರು, ಹಾಗೆ ಹೊಳಪು ಅಡಗಿಸಿದ ಬೆಳ್ಳಿಗೆ ಬೆಲೆ ಹೆಚ್ಚು ಸಿಗುತ್ತಿತ್ತು. ಅವನಿಗೆ ಇದು ಸೋಜಿಗ. ಕಪ್ಪೆಲ್ಲ ಕೊಳೆಯಲ್ಲ, ಕೆಲವು ಕಡೆ ಅದು ಕುಶಲಕರ್ಮಿಯೇ ಕೊಟ್ಟ ಬಣ್ಣ ಎಂಬ ಈ ವಿಚಾರ ಮುಂದೆ ಸಂರಕ್ಷಕರ ಮುಖ್ಯ ಚರ್ಚೆಯಾಯಿತು.

ಮಧ್ಯಯುಗದ ಐರೋಪ್ಯ ಕಾರ್ಯಾಗಾರಗಳಿಂದ ಹದಿನೆಂಟನೆಯ ಶತಮಾನದವರೆಗೆ ಮೂಲಸಾಮಗ್ರಿ ಹೆಚ್ಚು ಬದಲಾಗಲಿಲ್ಲ: ನುಣ್ಣನೆಯ ಸೀಮೆಸುಣ್ಣ, ಇದ್ದಿಲಿನ ಪುಡಿ, ಜಿಂಕೆಯ ಕೊಂಬನ್ನು ಸುಟ್ಟ ಪುಡಿ, ಬಳಿಕ ಕಬ್ಬಿಣದ ಆಕ್ಸೈಡಿನ ಕೆಂಪು ಪುಡಿ. ಹತ್ತೊಂಬತ್ತನೆಯ ಶತಮಾನದಲ್ಲಿ ನಗರಗಳಿಗೆ ಕಲ್ಲಿದ್ದಲ ಅನಿಲದ ದೀಪ ಬಂದು ಗಾಳಿಯಲ್ಲಿ ಗಂಧಕ ಹೆಚ್ಚಿತು. ಪುಡಿಗಳ ವ್ಯಾಪಾರವೂ ಬೆಳೆಯಿತು. ಪಾದರಸ ಬೆರೆತ ಪುಡಿಗಳು ಥಟ್ಟನೆ ಹೊಳಪು ಕೊಟ್ಟು ಲೋಹವನ್ನು ಕೆಡಿಸುತ್ತಿದ್ದವು. ಇಂಗ್ಲೆಂಡಿನ ಲೆಸ್ಟರಿನ ಔಷಧ ವ್ಯಾಪಾರಿ ಜೋಸೆಫ್ ಗೊಡಾರ್ಡ್ 1839ರಲ್ಲಿ ಪಾದರಸವಿಲ್ಲದ ಪುಡಿಯನ್ನು ಮಾರುಕಟ್ಟೆಗೆ ತಂದ.

ಕರ್ನಾಟಕದ ಮನೆಗಳ ರೂಢಿ ಬರವಣಿಗೆಗಿಂತ ಬಳಕೆಯಲ್ಲಿ ಉಳಿದುಬಂದದ್ದು. ಅಂಟುವಾಳದ ಕಾಯಿಯ ನೊರೆ, ಸೀಗೆಪುಡಿ, ವಿಭೂತಿ, ಹುಣಸೆಹುಳಿ, ಬೂದಿ, ಈಚಿನ ತಲೆಮಾರುಗಳಲ್ಲಿ ಹಲ್ಲುಪುಡಿ ಮತ್ತು ಪೇಸ್ಟ್ ಇವೆಲ್ಲ ‘ಮನೆಮದ್ದು’ ಎಂಬ ಒಂದೇ ಪಟ್ಟಿಯಲ್ಲಿ ಸೇರಿದ್ದರೂ ಅವುಗಳ ಕೆಲಸ ಒಂದೇ ಅಲ್ಲ. ಅಂಟುವಾಳದಲ್ಲಿರುವ ಸಾಪೊನಿನ್ ಮೃದುವಾದ ಸಾಬೂನಿನಂತೆ ಜಿಡ್ಡು, ಬೆವರು, ಕುಂಕುಮದ ಕಲೆ ಬಿಡಿಸುತ್ತದೆ. ಗಂಧಕದ ಕಪ್ಪನ್ನು ಮುಟ್ಟುವುದಿಲ್ಲ. ಹುಣಸೆಯ ಹುಳಿ ಹಿತ್ತಾಳೆ, ತಾಮ್ರಕ್ಕೆ ಒಗ್ಗುತ್ತದೆ. ಬೆಳ್ಳಿಯ ಸಲ್ಫೈಡ್ ಅದಕ್ಕೆ ಕರಗುವಂಥದ್ದಲ್ಲ. ಕಪ್ಪು ನಿಜವಾಗಿ ಹೋಗುವುದು ವಿಭೂತಿ, ಬೂದಿ, ಪೇಸ್ಟುಗಳ ಉಜ್ಜುವಿಕೆಯಿಂದ, ಅಂದರೆ ಬೆಳ್ಳಿಯೂ ಅಷ್ಟಷ್ಟು ಸವೆದು. ಮೋಸ್ ಗಡಸುತನದ ಮಾಪನದಲ್ಲಿ ಬೆಳ್ಳಿ 2.5ರಿಂದ 3, ಸುಣ್ಣಕಲ್ಲಿನ ಖನಿಜ 3, ಬೆಣಚುಕಲ್ಲು 7. ಬೆಣಚುಕಲ್ಲಿನ ರಂಗೋಲಿ ಪುಡಿಯಿಂದ ತಿಕ್ಕಿದ ಕಡಗದಲ್ಲಿ ಕೆತ್ತನೆ ಮಾಸಿರುವುದಕ್ಕೆ ಈ ಅಂಕಿಗಳೇ ವಿವರಣೆ.

ಬೆಳಗುವುದು ಮನೆಗೆಲಸದಿಂದ ವಿಜ್ಞಾನದ ವಿಷಯವಾಗಿ ಬದಲಾದದ್ದು ವಸ್ತುಸಂಗ್ರಹಾಲಯಗಳಲ್ಲಿ. ಬರ್ಲಿನ್ನಿನ ರಾಜ ಸಂಗ್ರಹಾಲಯಗಳು 1888ರಲ್ಲಿ ಫ್ರೀಡ್ರಿಶ್ ರಾಟ್ಗೆನ್‌ನ ಕೈಗೆ ರಸಾಯನ ಪ್ರಯೋಗಾಲಯವೊಂದನ್ನು ಒಪ್ಪಿಸಿದವು. ಮೊದಲ ಮಹಾಯುದ್ಧದ ಕಾಲದಲ್ಲಿ ನೆಲದಡಿಯ ಸುರಂಗದಲ್ಲಿ ಬಚ್ಚಿಟ್ಟ ವಸ್ತುಗಳು ಕೆಟ್ಟದ್ದನ್ನು ಕಂಡು ಬ್ರಿಟಿಷ್ ಮ್ಯೂಸಿಯಂ 1920ರ ಹೊತ್ತಿಗೆ ತನ್ನದನ್ನು ಆರಂಭಿಸಿತು. ಭಾರತದಲ್ಲಿ ಪುರಾತತ್ವ ಸರ್ವೇಕ್ಷಣ ಇಲಾಖೆಯ ವಿಜ್ಞಾನ ಶಾಖೆ 1917ರಲ್ಲಿ ಹುಟ್ಟಿ, ಬಳಿಕ ಡೆಹ್ರಾಡೂನಿನಲ್ಲಿ ನೆಲೆಸಿತು. ಮೊಹಮ್ಮದ್ ಸನಾ ಉಲ್ಲಾ ಅದರ ಮೊದಲ ರಸಾಯನಜ್ಞ.

ಮೊಹೆಂಜೊದಾರೊದ ಉತ್ಖನನದಲ್ಲಿ 1920ರ ದಶಕದಲ್ಲಿ ಸಿಕ್ಕ ಬೆಳ್ಳಿಯ ಪಾತ್ರೆಯೊಂದಕ್ಕೆ ಬಟ್ಟೆಯ ಚೂರು ಅಂಟಿಕೊಂಡಿತ್ತು. ಲೋಹದ ಲವಣಗಳು ಸೇರಿದ್ದರಿಂದ ಅದು ಕೊಳೆಯದೆ ಉಳಿದಿತ್ತು. ಮುಂಬಯಿಯ ಹತ್ತಿ ಪ್ರಯೋಗಾಲಯದಲ್ಲಿ ಟರ್ನರ್ ಮತ್ತು ಗುಲಾಟಿ ಪರೀಕ್ಷಿಸಿ ಅದು ಹತ್ತಿಯೆಂದು ಗುರುತಿಸಿದರು. ಸಿಂಧೂ ಬಯಲಿನಲ್ಲಿ ಹತ್ತಿ ನೇಯುತ್ತಿದ್ದರೆಂಬುದಕ್ಕೆ ಅದು ಬಹುಮುಖ್ಯ ಸಾಕ್ಷಿಯಾಯಿತು. ಆ ಪಾತ್ರೆಯನ್ನು ಯಾರಾದರೂ ಶ್ರದ್ಧೆಯಿಂದ ತಿಕ್ಕಿ ಬೆಳಗಿದ್ದರೆ ಈ ಸಾಕ್ಷಿ ಬಚ್ಚಲ ನೀರಿನೊಂದಿಗೆ ಹೋಗುತ್ತಿತ್ತು. ಬೆಳಗುವಿಕೆಯ ಇತಿಹಾಸ ಬರೆಯುವವರು ಈ ಘಟನೆಯನ್ನು ಜವಳಿಯ ಅಧ್ಯಾಯಕ್ಕೆ ಬಿಟ್ಟುಕೊಡುವುದು ವಾಡಿಕೆ. ಅದು ಇಲ್ಲಿಗೂ ಸಲ್ಲುತ್ತದೆ. ಪ್ರಾಚೀನ ಮೆಸೊಪೊಟೇಮಿಯಾದ ಉರ್ ನಗರದ ಗೋರಿಗಳಲ್ಲಿ ಸಿಕ್ಕ ಬೆಳ್ಳಿಯ ತಂತಿವಾದ್ಯದ ಲೋಹ ಪೂರ್ತಿ ಸಿಲ್ವರ್ ಕ್ಲೋರೈಡ್ ಆಗಿಹೋಗಿತ್ತು. ಬ್ರಿಟಿಷ್ ಮ್ಯೂಸಿಯಮ್ಮಿನ ರಾಬರ್ಟ್ ಆರ್ಗನ್ 1960ರ ದಶಕದಲ್ಲಿ ಮಂದ ವಿದ್ಯುತ್ ಹಾಯಿಸಿ ಅದನ್ನು ಇದ್ದ ಆಕಾರದಲ್ಲೇ ಮತ್ತೆ ಬೆಳ್ಳಿಯಾಗಿಸಿದ. ತಿಕ್ಕಿದ್ದರೆ ಅಲ್ಲಿ ಉಳಿಯಲು ಏನೂ ಇರಲಿಲ್ಲ.

ಇಂದು ಹೆಚ್ಚು ಪ್ರಚಾರದಲ್ಲಿರುವ, ಹೆಚ್ಚು ವಿವಾದದ ಕ್ರಮವೆಂದರೆ ಅಲ್ಯೂಮಿನಿಯಂ ಹಾಳೆ ಮತ್ತು ಸೋಡಾದ ಬಿಸಿನೀರು. ಇದನ್ನು ಅಂತರ್ಜಾಲ ಯುಗದ ಉಪಾಯವೆಂದು ಭಾವಿಸುವುದುಂಟು. ಅಮೆರಿಕದ ಕೃಷಿ ಇಲಾಖೆ ಇದರ ಪರೀಕ್ಷೆ ನಡೆಸಿ ಬುಲೆಟಿನ್ ಪ್ರಕಟಿಸಿದ್ದು 1916ರಲ್ಲೇ. ಅಲ್ಯೂಮಿನಿಯಂ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ, ಸಲ್ಫೈಡಿನಲ್ಲಿದ್ದ ಬೆಳ್ಳಿ ಮತ್ತೆ ಲೋಹವಾಗುತ್ತದೆ, ಬಿಡುಗಡೆಯಾದ ಗಂಧಕ ಹೈಡ್ರೊಜನ್ ಸಲ್ಫೈಡ್ ಆಗಿ ಕೊಳೆತ ಮೊಟ್ಟೆಯ ವಾಸನೆ ಬೀರುತ್ತದೆ. ಪುಡಿಯಿಂದ ಉಜ್ಜುವುದಕ್ಕಿಂತ ಇದರಲ್ಲಿ ಬೆಳ್ಳಿಯ ನಷ್ಟ ಕಡಿಮೆಯೆಂಬುದು ನಿಜ. ಆದರೆ ಆಗಿನ ಪರೀಕ್ಷೆ ಊಟದ ಮೇಜಿನ ಚಮಚ, ಪಾತ್ರೆಗಳಿಗಾಗಿ ನಡೆದದ್ದು. ಅದರ ಫಲಿತಾಂಶವನ್ನು ಹಳೆಯ ಒಡವೆಗೆ ಹಾಗೇ ಒಯ್ದದ್ದು ನಂತರದವರು. ಮರಳಿದ ಬೆಳ್ಳಿ ಮೊದಲಿನಂತೆ ನಯವಾಗಿರದೆ ಮಂಕಾಗಿ, ಸರಂಧ್ರವಾಗಿ ಕೂರುತ್ತದೆ, ಮತ್ತೆ ಬೇಗ ಕಪ್ಪಾಗುತ್ತದೆ. ಕೆತ್ತನೆಯ ತಗ್ಗಿನಲ್ಲಿ ಅಕ್ಕಸಾಲಿಗ ಬೇಕೆಂದೇ ಉಳಿಸಿದ್ದ ಕಪ್ಪೂ ಹೋಗಿ ವಿನ್ಯಾಸ ಸಪ್ಪೆಯಾಗುತ್ತದೆ. ನಮ್ಮ ಒಡವೆಗಳಿಗೆ ಇನ್ನೊಂದು ಅಪಾಯವಿದೆ: ಟೊಳ್ಳು ಕಡಗ, ಗುಂಡುಗಳ ಒಳಗೆ ತುಂಬಿದ ಅರಗು ಬಿಸಿನೀರಿನಲ್ಲಿ ಮೆತ್ತಗಾಗಿ ಬಿಟ್ಟುಕೊಳ್ಳುತ್ತದೆ, ನೂಲಿನಲ್ಲಿ ಪೋಣಿಸಿದವು ಕಟ್ಟು ಕಳೆದುಕೊಳ್ಳುತ್ತವೆ, ಕಲ್ಲಿನ ಹಿಂದೆ ಇಟ್ಟ ತಗಡಿಗೆ ನೀರಿಳಿದರೆ ಕಲ್ಲಿನ ಬಣ್ಣವೇ ಕೆಡುತ್ತದೆ. ಇಂಥ ಒಡವೆಗೆ ಈ ಕ್ರಮ ಸಲ್ಲದು.

ಅದ್ದಿ ತೆಗೆದರೆ ಹೊಳೆಯಿಸುವ ದ್ರವಗಳು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಹರಡಿದವು. ಅವುಗಳಲ್ಲಿ ಸಾಮಾನ್ಯವಾಗಿ ಆಮ್ಲ ಬೆರೆತ ಥಯೊಯೂರಿಯಾ ಇರುತ್ತದೆ. ಅದು ಕ್ಯಾನ್ಸರ್ ಕಾರಕವೆಂಬ ಶಂಕೆಯಿದೆ. ಮುತ್ತು, ಹವಳಗಳನ್ನು ಆಮ್ಲ ತಿನ್ನುತ್ತದೆ. ಈ ದ್ರವದ ಇನ್ನೊಂದು ದೋಷ ಕಣ್ಣಿಗೆ ಬಿದ್ದದ್ದು ಒಡವೆಗಳಲ್ಲಲ್ಲ, ಹಳೆಯ ಛಾಯಾಚಿತ್ರಗಳಲ್ಲಿ. ಬೆಳ್ಳಿ ಲೇಪದ ಫಲಕದ ಮೇಲೆ ಮೂಡಿಸಿದ ಡಾಗೆರೊಟೈಪ್ ಚಿತ್ರಗಳನ್ನು ಥಯೊಯೂರಿಯಾದಿಂದ ತೊಳೆಯುವ ಕ್ರಮ 1956ರಲ್ಲಿ ಪ್ರಕಟವಾಗಿ ಜನಪ್ರಿಯವಾಯಿತು. ವರ್ಷಗಳ ಬಳಿಕ ತೊಳೆದ ಫಲಕಗಳಲ್ಲಿ ಚುಕ್ಕೆಗಳೆದ್ದು, ಉಳಿದ ರಾಸಾಯನಿಕದ ಹಾನಿ ಬಯಲಾಯಿತು.

1985ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸಿನ ಸಂಶೋಧಕರು ಹೈಡ್ರೊಜನ್ ಸಲ್ಫೈಡಿನೊಂದಿಗೆ ಕಾರ್ಬೊನಿಲ್ ಸಲ್ಫೈಡ್ ಕೂಡ ಬೆಳ್ಳಿಯನ್ನು ಕೆಡಿಸುತ್ತದೆಂದು ತೋರಿಸಿದರು. 1990ರಲ್ಲಿ ಗ್ಲೆನ್ ವಾರ್ಟನ್, ಸೂಸನ್ ಲ್ಯಾನ್ಸಿಂಗ್ ಮೈಷ್, ವಿಲಿಯಂ ಗಿನೆಲ್ ಬೆಳ್ಳಿ ಉಜ್ಜುವ ಪುಡಿಗಳನ್ನು ಹೋಲಿಸಿ ಅಧ್ಯಯನ ಪ್ರಕಟಿಸಿದರು. ರಾಸಾಯನಿಕವಾಗಿ ತಯಾರಿಸಿದ ನುಣ್ಣನೆಯ ಕ್ಯಾಲ್ಸಿಯಂ ಕಾರ್ಬೊನೇಟನ್ನು ಭಟ್ಟಿ ಇಳಿಸಿದ ನೀರಿನಲ್ಲಿ ಕಲಸಿ, ಹತ್ತಿಯಿಂದ ಹಗುರವಾಗಿ ಒರೆಸಿ, ತೊಳೆದು ಒಣಗಿಸುವುದು ಈಗ ಸಂಗ್ರಹಾಲಯಗಳಲ್ಲಿ ಸಾಮಾನ್ಯ. ಪ್ಲಿನಿಯ ಸೀಮೆಸುಣ್ಣವೇ, ವಿನೆಗರ್ ಇಲ್ಲದೆ. ಭಾರತದಲ್ಲಿ ಈ ಕೆಲಸದ ತರಬೇತಿಗೆ ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯ 1976ರಲ್ಲಿ ಸ್ಥಾಪನೆಯಾಯಿತು. ಅದರ ಪ್ರಾದೇಶಿಕ ಘಟಕ ಮೈಸೂರಿನಲ್ಲಿದೆ.

ಈಚಿನ ಒಲವು ತೊಳೆಯುವುದಕ್ಕಿಂತ ಕಪ್ಪಾಗದಂತೆ ತಡೆಯುವುದರ ಕಡೆಗೆ. ಒಡವೆಯ ಪೆಟ್ಟಿಗೆಯಿಂದ ಉಣ್ಣೆ, ರಬ್ಬರ್ ದೂರವಿಡುವುದು, ಬೆಳ್ಳಿಯ ಕಣ ಸೇರಿಸಿ ನೇಯ್ದ ಬಟ್ಟೆಯಲ್ಲಿ ಸುತ್ತುವುದು, ತೇವ ತಗ್ಗಿಸುವುದು ಈ ಬಗೆಯವು. ಅಮೆರಿಕದ ವಾಲ್ಟರ್ಸ್ ಕಲಾ ಸಂಗ್ರಹಾಲಯ ಮತ್ತು ಮೇರಿಲ್ಯಾಂಡ್ ವಿಶ್ವವಿದ್ಯಾಲಯ 2010ರ ದಶಕದಲ್ಲಿ ಪರಮಾಣು ಪದರಗಳ ತೆಳು ಲೇಪವನ್ನು ಪರೀಕ್ಷಿಸಿದವು. ಜರ್ಮೇನಿಯಂ ಬೆರೆಸಿದ, ಬೇಗ ಕಪ್ಪಾಗದ ಮಿಶ್ರಲೋಹ 1990ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಪೀಟರ್ ಜಾನ್ಸ್‌ನಿಂದ ರೂಪುಗೊಂಡಿತು. ಅದರ ಗುಣ ಹೊಸದಾಗಿ ಎರಕ ಹೊಯ್ದ ಒಡವೆಗಷ್ಟೇ ಬರುತ್ತದೆ. ಹಳೆಯದಕ್ಕೆ ಅದರಿಂದ ಪ್ರಯೋಜನವಿಲ್ಲ.