ಕಾರಿಗಿಂತ ಮೊದಲು ಬಂದ ಶೆಡ್ಡು

ವಿದ್ಯಾರಣ್ಯಪುರದ ಕಡೆ ಬೋರ್ಡುಗಳನ್ನು ಓದಿಕೊಂಡು ನಡೆದರೆ ಅರ್ಧ ಇತಿಹಾಸ ಅಲ್ಲೇ ಸಿಗುತ್ತದೆ. ಬಿಇಎಲ್ ಲೇಔಟ್, ಎಚ್‌ಎಂಟಿ ಲೇಔಟ್, ಎನ್‌ಟಿಐ ಲೇಔಟ್. ಊರಿನ ಹೆಸರು ವಿಜಯನಗರ ಕಾಲದ ಯತಿಯದು, ಬಡಾವಣೆಗಳ ಹೆಸರು ಕಾರ್ಖಾನೆ ಮತ್ತು ಸರ್ಕಾರಿ ಸಂಸ್ಥೆಗಳದು. ನೌಕರರ ಗೃಹನಿರ್ಮಾಣ ಸಹಕಾರ ಸಂಘಗಳು ಸೈಟು ಹಂಚಿದ ಕಾಲದ ಗುರುತು ಇದು. ಸಂಬಳದಲ್ಲಿ ಕಂತು ಕಟ್ಟಿ, ಪಿಎಫ್ ಸಾಲ ತೆಗೆದು ಮನೆ ಕಟ್ಟಿಸಿದ ಜನರ ಊರು.

ಆ ಕಾರ್ಖಾನೆಗಳ ಕಥೆ ಬೇಕಾದಷ್ಟು ಬಂದಿದೆ. ನನಗೆ ಕುತೂಹಲ ಇರುವುದು ಗೇಟಿನ ಪಕ್ಕದ ಕಾರ್ ಶೆಡ್ಡುಗಳ ಬಗ್ಗೆ. ಹಳೆಯ ಮನೆಗಳಲ್ಲಿ ಈಗಲೂ ಕೆಲವು ಉಳಿದಿವೆ. ಶಟರ್ ಎತ್ತಿದರೆ ಒಳಗೆ ಕಾರು ಇರುವುದಿಲ್ಲ. ಬೆಂಚ್ ವೈಸ್, ಗೋಡೆಗೆ ಸಾಲಾಗಿ ನೇತುಹಾಕಿದ ಸ್ಪ್ಯಾನರು, ಹಾರ್ಲಿಕ್ಸ್ ಬಾಟಲಿಗಳಲ್ಲಿ ಅಳತೆವಾರು ವಿಂಗಡಿಸಿದ ಸ್ಕ್ರೂಗಳು, ಮೂಲೆಯಲ್ಲೊಂದು ಡ್ರಿಲ್ಲಿಂಗ್ ಮಿಷನ್. ಕೆಳಗೆ ಕಪ್ಪಗೆ ಎಣ್ಣೆ ಕುಡಿದ ನೆಲ. ಈ ಶೆಡ್ಡುಗಳು ಎಲ್ಲಿಂದ ಬಂದವು, ಅವುಗಳ ನೆಲದ ಮೇಲೆ ಈಗ ಏನು ನಡೆಯುತ್ತಿದೆ ಅನ್ನುವುದೇ ಈ ಬರಹದ ವಿಷಯ.

ಸ್ವಲ್ಪ ಹಿಂದಕ್ಕೆ ಹೋಗೋಣ. ಎರಡನೇ ಮಹಾಯುದ್ಧದ ಕಾಲದಲ್ಲಿ ಜಾಲಹಳ್ಳಿ ಬ್ರಿಟಿಷರ ಮಿಲಿಟರಿ ಆಸ್ಪತ್ರೆಗಳಿದ್ದ ಜಾಗ. ಯುದ್ಧ ಮುಗಿದ ಮೇಲೆ ಈ ಕಡೆ ಕಾರ್ಖಾನೆಗಳು ಬಂದವು. 1953ರಲ್ಲಿ ಹಿಂದೂಸ್ತಾನ್ ಮಷೀನ್ ಟೂಲ್ಸ್, ಅಂದರೆ ಎಚ್‌ಎಂಟಿ, ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ ಶುರುವಾಯಿತು. 1954ರಲ್ಲಿ ಫ್ರಾನ್ಸಿನ ಸಿಎಸ್‌ಎಫ್ ಕಂಪನಿಯ ನೆರವಿನಿಂದ ಭಾರತ್ ಎಲೆಕ್ಟ್ರಾನಿಕ್ಸ್. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಎಚ್‌ಎಂಟಿ ವಾಚ್ ಕಾರ್ಖಾನೆ. ಒಂದೇ ದಶಕದೊಳಗೆ ರಾಗಿ ಹೊಲಗಳ ನಡುವೆ ಲೇಥು, ರೇಡಿಯೋ ವಾಲ್ವು, ಕೈಗಡಿಯಾರ ಮೂರೂ ತಯಾರಾಗತೊಡಗಿದವು. ಸುತ್ತಲ ಹಳ್ಳಿಗಳಿಂದ, ತುಮಕೂರು, ಕೋಲಾರ, ಮಂಡ್ಯದ ಕಡೆಯಿಂದ ಎಸ್ಸೆಸ್ಸೆಲ್ಸಿ, ಐಟಿಐ ಮಾಡಿದ ಹುಡುಗರು ಇಲ್ಲಿ ಬಂದು ಮೈಕ್ರೋಮೀಟರ್ ಹಿಡಿಯುವುದನ್ನು ಕಲಿತರು. ಒಂದು ಮಿಲಿಮೀಟರಿನ ನೂರನೇ ಒಂದು ಭಾಗವನ್ನು ಬೆರಳಲ್ಲೇ ಗುರುತಿಸುವ ಜನ ಅವರು.

ಕಾರ್ಖಾನೆ ಈ ಜನಕ್ಕೆ ಸಂಬಳದ ಜೊತೆ ಇನ್ನೊಂದು ವಿಷಯ ಕೊಟ್ಟಿತು: ಕೆಲಸದ ಜಾಗ ಹೇಗಿರಬೇಕು ಅನ್ನುವ ಕಲ್ಪನೆ. ಹಳ್ಳಿಯ ಕುಲುಮೆಯಲ್ಲಿ ನೆಲ ಅಂದರೆ ಮಣ್ಣು, ಬೂದಿ, ಚೂರು. ಬಿಸಿ ಕಬ್ಬಿಣ ಬಿದ್ದರೂ ಏನೂ ಆಗದ ನೆಲ ಅದು, ಅಲ್ಲಿಗೆ ಅದೇ ಸರಿ. ಮಷೀನ್ ಶಾಪಿನ ಲೆಕ್ಕವೇ ಬೇರೆ. ಲೇಥಿನ ಬೆಡ್ಡಿನ ಮೇಲೆ ಸಿಮೆಂಟಿನ ಪುಡಿ, ಮರಳಿನ ಕಣ ಕೂತು ಎಣ್ಣೆಯ ಜೊತೆ ಸೇರಿದರೆ ಅದು ಉಜ್ಜುಕಾಗದದ ಹಾಗೆ ಕೆಲಸ ಮಾಡುತ್ತದೆ. ಕೆಲವೇ ವರ್ಷಗಳಲ್ಲಿ ಬೆಡ್ಡು ಸವೆದು ಅಳತೆ ತಪ್ಪುತ್ತದೆ. ವಾಚು ಜೋಡಿಸುವ ಕಡೆಯಂತೂ ಒಂದು ಧೂಳಿನ ಕಣ ಹಲ್ಲುಚಕ್ರದ ನಡುವೆ ಸಿಕ್ಕಿದರೆ ಗಡಿಯಾರವೇ ನಿಲ್ಲುತ್ತದೆ. ನೆಲ ಪುಡಿ ಬಿಡಬಾರದು ಅನ್ನುವುದು ಈ ಜನಕ್ಕೆ ಅಂದಚೆಂದದ ಮಾತಾಗಿರಲಿಲ್ಲ.

ಇನ್ನು ಶೆಡ್ಡಿನ ವಿಷಯ. ಸೈಟು ಸಿಕ್ಕು ಮನೆ ಕಟ್ಟಿಸಿದವರು ಪ್ಲಾನಿನಲ್ಲಿ ಕಾರಿಗೊಂದು ಜಾಗ ಬಿಟ್ಟರು. ಕಾರು ಮಾತ್ರ ಇರಲಿಲ್ಲ. ಲೈಸೆನ್ಸ್ ಕಾಲದಲ್ಲಿ ಸ್ಕೂಟರ್ ಬುಕ್ ಮಾಡಿದರೇ ವರ್ಷಗಟ್ಟಲೆ ಕಾಯಬೇಕಿತ್ತು. ಮೊದಲ ಮಾರುತಿ 800 ಗಿರಾಕಿಯ ಕೈಗೆ ಬಂದದ್ದೇ 1983ರ ಡಿಸೆಂಬರಿನಲ್ಲಿ, ಆಮೇಲೂ ಅದು ಫಿಟ್ಟರನ ಸಂಬಳಕ್ಕೆ ಎಟುಕುವ ವಸ್ತುವಾಗಿರಲಿಲ್ಲ. ಹಾಗಾಗಿ ಕಾರಿನ ಜಾಗ ಖಾಲಿ ಇತ್ತು, ಕೈಯಲ್ಲಿ ಕಸುಬಿತ್ತು. ಶಿಫ್ಟ್ ಮುಗಿಸಿ ಬಂದವರು ಅಲ್ಲಿ ಮೊದಲು ಮಿಕ್ಸಿ, ಸೈಕಲ್ಲು, ನೀರಿನ ಪಂಪು ರಿಪೇರಿ ಮಾಡಿದರು. ನಿವೃತ್ತಿಯಾದ ಮೇಲೆ ಕೆಲವರು ಸಣ್ಣ ಲೇಥು ಕೊಂಡು ಜಾಬ್‌ವರ್ಕ್ ಹಿಡಿದರು. 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯುತ್ತ ಹೋದಂತೆ ದೊಡ್ಡ ಕಾರ್ಖಾನೆಯ ಕೆಲಸ ಸಣ್ಣ ಘಟಕಕ್ಕೆ, ಅಲ್ಲಿಂದ ಇನ್ನೂ ಸಣ್ಣವರಿಗೆ ಇಳಿಯುವ ಸರಪಳಿ ಬೆಳೆಯಿತು. ಅದರ ಕೊನೆಯ ಕೊಂಡಿ ಈ ಶೆಡ್ಡು. ಎಚ್‌ಎಂಟಿಯಲ್ಲಿ ವಿಆರ್‌ಎಸ್ ಬಂದಾಗ ಎಷ್ಟೋ ಮನೆಗಳಿಗೆ ಅನ್ನ ಹಾಕಿದ್ದು ಇದೇ ಕೊಂಡಿ ಎಂದು ನಾನು ಮಾತಾಡಿಸಿದ ಹಿರಿಯರು ಹೇಳುತ್ತಾರೆ.

ಶೆಡ್ಡಿಗೆ ಹಾಕಿಸಿದ ನೆಲ ಎಂಥದು? ಇಲ್ಲಿ ಮನೆಗೂ ಶೆಡ್ಡಿಗೂ ಇರುವ ವ್ಯತ್ಯಾಸ ಗಮನಿಸಬೇಕು.

ನಮ್ಮ ಕಡೆ ನೆಲ ಅಂದರೆ ಮೊದಲು ಸಗಣಿ ಸಾರಿಸಿದ್ದು. ಸ್ಥಿತಿವಂತರ ಮನೆಯಲ್ಲಿ ಗಾರೆ: ಸುಣ್ಣ, ಮರಳು, ಇಟ್ಟಿಗೆ ಪುಡಿ, ಬೆಲ್ಲದ ನೀರು ಸೇರಿಸಿ ಅರೆದು ಬಡಿದು ಮಾಡಿದ್ದು. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನಲ್ಲಿ ಜೋಸೆಫ್ ಆಸ್ಪ್‌ಡಿನ್ ಪೇಟೆಂಟ್ ಪಡೆದದ್ದು 1824ರಲ್ಲಿ. ಅದು ನಮ್ಮ ಸಾಮಾನ್ಯರ ಮನೆಗೆ ಬರಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. 1930ರ ದಶಕದ ಕೊನೆಗೆ ಮೈಸೂರು ಸಂಸ್ಥಾನದ ಭದ್ರಾವತಿ ಕಾರ್ಖಾನೆ ಕಬ್ಬಿಣದ ಜೊತೆ ಸಿಮೆಂಟನ್ನೂ ತಯಾರಿಸತೊಡಗಿತು. ಸಿಮೆಂಟಿನ ಜೊತೆ ಬಂದದ್ದು ರೆಡ್ ಆಕ್ಸೈಡ್ ನೆಲ. ಕಬ್ಬಿಣದ ಆಕ್ಸೈಡಿನ ಕೆಂಪು ಪುಡಿಯನ್ನು ಸಿಮೆಂಟಿಗೆ ಬೆರೆಸಿ, ಹಸಿ ನೆಲದ ಮೇಲೆ ತೆಳ್ಳಗೆ ಎಳೆದು, ಕರಣೆಯಲ್ಲಿ ಗಂಟೆಗಟ್ಟಲೆ ಉಜ್ಜಿ, ದಿನಗಟ್ಟಲೆ ನೀರು ನಿಲ್ಲಿಸಿ ಮಾಡುವ ಕೆಲಸ. ಕೋಣೆಯ ಸುತ್ತ ಕಪ್ಪು ಅಂಚು. ವರ್ಷಗಟ್ಟಲೆ ಓಡಾಡಿ ಒರೆಸಿದ ಮೇಲೆ ಆ ನೆಲ ಕನ್ನಡಿಯಾಗುತ್ತದೆ. ಅದನ್ನು ಮಾಡಬಲ್ಲ ಗಾರೆ ಮೇಸ್ತ್ರಿಗಳನ್ನು ಈಗ ಹುಡುಕಿಕೊಂಡು ಹೋಗಬೇಕು, ಕೂಲಿಯೂ ಹಾಗೇ ಇದೆ.

ಶೆಡ್ಡಿಗೆ ಇಷ್ಟು ಭಾಗ್ಯ ಇರಲಿಲ್ಲ. ನಡುಮನೆಗೆ ರೆಡ್ ಆಕ್ಸೈಡ್ ಅಥವಾ ಮೊಸಾಯಿಕ್, ಶೆಡ್ಡಿಗೆ ಕಡಪ ಕಲ್ಲು, ಇಲ್ಲವೇ ಉಳಿದ ಜಲ್ಲಿಯಲ್ಲಿ ಹಾಕಿದ ಕಾಂಕ್ರೀಟು. ಅದರ ಮೇಲೆ ಮೇಸ್ತ್ರಿ ಒಣ ಸಿಮೆಂಟ್ ಉದುರಿಸಿ ಒಂದೆರಡು ಸಲ ಕರಣೆ ಆಡಿಸಿದರೆ ಮುಗಿಯಿತು. ನೋಡಲು ನುಣ್ಣಗೆ ಕಾಣುವ ಆ ಮೇಲ್ಪದರವೇ ತೊಂದರೆಯ ಮೂಲ. ಕಾಂಕ್ರೀಟಿಗೆ ನೀರು ಜಾಸ್ತಿಯಾದಾಗ ಮೇಲಕ್ಕೆ ತೇಲಿ ಬರುವ ನೀರನ್ನು ಒಣ ಸಿಮೆಂಟಿನಿಂದ ಹೀರಿಸಿದರೆ ಅಲ್ಲಿ ಶಕ್ತಿಯಿಲ್ಲದ ಚರ್ಮ ಉಳಿಯುತ್ತದೆ. ಎಷ್ಟು ಗುಡಿಸಿದರೂ ಪುಡಿ ಬರುತ್ತಲೇ ಇರುತ್ತದೆ. ಕಾರ್ಖಾನೆಯಲ್ಲಿ ಶುಚಿ ಕಲಿತವನ ಮನೆಯ ಶೆಡ್ಡಿನಲ್ಲಿ ಪುಡಿ ಬಿಡುವ ನೆಲ! ಇದಕ್ಕೆ ಹಳಬರು ಕಂಡುಕೊಂಡ ಉಪಾಯ ಬಳಸಿದ ಎಂಜಿನ್ ಆಯಿಲ್ ಹಚ್ಚುವುದು. ಧೂಳು ಅಲ್ಲೇ ಹಿಡಿದು ನಿಲ್ಲುತ್ತದೆ. ವರ್ಷಕ್ಕೊಮ್ಮೆ ಆಯುಧ ಪೂಜೆಯ ಮುಂಚೆ ಸೋಪಿನ ನೀರಲ್ಲಿ ಉಜ್ಜುವುದು, ಹಬ್ಬ ಕಳೆದ ಮೇಲೆ ಮತ್ತೆ ಎಣ್ಣೆ.

ಆ ಎಣ್ಣೆಯೇ ಇವತ್ತಿನ ತಲೆನೋವು. ಮಗನೋ ಮೊಮ್ಮಗನೋ ಈಗ ಶೆಡ್ಡನ್ನು ಹೊಸದಾಗಿ ಸಜ್ಜು ಮಾಡಲು ಹೊರಟಿದ್ದಾನೆ. ಬೈಕ್ ಕೆಲಸಕ್ಕೋ, ಮರಗೆಲಸಕ್ಕೋ, ಒಂದು ತ್ರೀಡಿ ಪ್ರಿಂಟರ್ ಇಡುವುದಕ್ಕೋ. ಮೊಬೈಲಿನಲ್ಲಿ ನೋಡಿದ ಅಮೆರಿಕದ ಗ್ಯಾರೇಜುಗಳ ಬೂದು ಬಣ್ಣದ ಮಿರುಗುವ ನೆಲ ಅವನಿಗೂ ಬೇಕು. ಅದರ ಹೆಸರು ಎಪಾಕ್ಸಿ.

ಎಪಾಕ್ಸಿಯ ಕಥೆಯಲ್ಲಿ ಒಂದು ತಮಾಷೆಯ ಕಾಕತಾಳೀಯ ಇದೆ. 1930ರ ದಶಕದಲ್ಲಿ ಪಿಯರ್ ಕಾಸ್ಟಾನ್ ಎಂಬ ಸ್ವಿಸ್ ರಸಾಯನಶಾಸ್ತ್ರಜ್ಞ ಹಲ್ಲಿನ ಚಿಕಿತ್ಸೆಗೆ ಬೇಕಾದ ವಸ್ತು ಮಾಡುವ ಡಿ ಟ್ರೇ ಕಂಪನಿಯಲ್ಲಿದ್ದ. ಕಟ್ಟುಹಲ್ಲಿಗೆಂದು ಹುಡುಕುತ್ತ ಅವನು ಕಂಡುಕೊಂಡ ರಾಳವೇ ಎಪಾಕ್ಸಿ. ಹಲ್ಲಿಗೆ ಅದು ಒಗ್ಗಲಿಲ್ಲ. ಹಕ್ಕು ಸೀಬಾ ಕಂಪನಿಗೆ ಹೋಗಿ, ಅಲ್ಲಿಂದ ಅರಾಲ್ಡೈಟ್ ಅಂಟಾಗಿ ನಮ್ಮೆಲ್ಲರ ಮನೆಗೆ ಬಂತು. ಡಿ ಟ್ರೇ ಇದ್ದದ್ದು ಜ್ಯೂರಿಕ್‌ನಲ್ಲಿ. ಎಚ್‌ಎಂಟಿಗೆ ಲೇಥು ಮಾಡುವುದನ್ನು ಹೇಳಿಕೊಟ್ಟ ಓರ್ಲಿಕಾನ್ ಕಂಪನಿಯ ಹೆಸರು ಅದೇ ಜ್ಯೂರಿಕ್‌ನ ಒಂದು ಬಡಾವಣೆಯದು. ಲೇಥಿನ ವಿದ್ಯೆ, ಅದರ ಕೆಳಗಿನ ನೆಲದ ಲೇಪ, ಎರಡೂ ಒಂದೇ ಊರಿನಿಂದ, ಒಂದು ಅಪ್ಪನ ಕಾಲಕ್ಕೆ, ಇನ್ನೊಂದು ಮಗನ ಕಾಲಕ್ಕೆ ಜಾಲಹಳ್ಳಿ ಸೀಮೆಗೆ ತಲುಪಿದವು.

ಆದರೆ ಎಪಾಕ್ಸಿ ಬಣ್ಣದ ಹಾಗೆ ಬಳಿದು ಮರೆಯುವಂಥದ್ದಲ್ಲ. ರಾಳ ಒಂದು ಡಬ್ಬಿ, ಗಟ್ಟಿಯಾಗಿಸುವ ದ್ರವ ಇನ್ನೊಂದು ಡಬ್ಬಿ. ಬೆರೆಸಿದ ಕ್ಷಣದಿಂದ ಗಡಿಯಾರ ಓಡುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಬಕೆಟ್ಟಿನಲ್ಲೇ ಕಾದು ಕಲ್ಲಾದದ್ದನ್ನು ನೋಡಿದ್ದೇನೆ. ಅದಕ್ಕಿಂತ ಮುಖ್ಯ, ಅದು ಹಿಡಿಯುವುದು ಶುದ್ಧ ಕಾಂಕ್ರೀಟಿನ ತೂತುಗಳನ್ನು. ಎಣ್ಣೆ ಕುಡಿದ ನೆಲದ ಮೇಲೆ ಹಾಕಿದರೆ ಸ್ವಲ್ಪ ದಿನದಲ್ಲೇ ಚಪಾತಿಯ ಹಾಗೆ ಎದ್ದು ಬರುತ್ತದೆ. ಪರೀಕ್ಷೆ ಸುಲಭ. ನೆಲದ ಮೇಲೆ ನಾಲ್ಕು ಹನಿ ನೀರು ಬಿಡಿ. ಹೀರಿಕೊಂಡರೆ ಸರಿ. ಕೆಸುವಿನೆಲೆ ಮೇಲಿನ ಹನಿಯಂತೆ ನಿಂತರೆ ಒಳಗೆ ಎಣ್ಣೆಯೋ ಮೇಣವೋ ಇದೆ ಎಂದರ್ಥ. ಇನ್ನೊಂದು ಶತ್ರು ಕೆಳಗಿನಿಂದ ಬರುವ ತೇವ. ಹಳೆಯ ಶೆಡ್ಡುಗಳ ಕಾಂಕ್ರೀಟಿನ ಅಡಿಗೆ ಪ್ಲಾಸ್ಟಿಕ್ ಹಾಳೆ ಹಾಸುವ ರೂಢಿ ಇರಲಿಲ್ಲ. ಮೇಲಾಗಿ ಇದು ನರಸೀಪುರ, ದೊಡ್ಡಬೊಮ್ಮಸಂದ್ರದಂಥ ಕೆರೆಗಳ ಸುತ್ತ ಬೆಳೆದ ಊರು. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪಿನಿಂದ ಅಂಟಿಸಿ ಕನಿಷ್ಠ 16 ಗಂಟೆ ಬಿಟ್ಟು ಎತ್ತಿದಾಗ ಅಡಿಯಲ್ಲಿ ನೀರು ಬೆವರಿದ್ದರೆ ಆ ನೆಲಕ್ಕೆ ಎಪಾಕ್ಸಿ ಆಗಬೇಕಾದ್ದಲ್ಲ. ಮಳೆಗಾಲ ಕಳೆಯಲಿ, ಬೇಸಿಗೆಯಲ್ಲಿ ಮತ್ತೆ ನೋಡಿ. ಆಗಲೂ ಬೆವರಿದರೆ ಲೇಪದ ಆಸೆ ಬಿಟ್ಟು ಸಿಲಿಕೇಟ್ ದ್ರಾವಣ ಕುಡಿಸುವುದು ಮೇಲು. ಅದು ಸಿಮೆಂಟಿನ ಸುಣ್ಣದ ಜೊತೆ ಸೇರಿ ಮೇಲ್ಪದರವನ್ನೇ ಗಟ್ಟಿ ಮಾಡುತ್ತದೆ, ಮಿರುಗುವುದಿಲ್ಲ, ಆದರೆ ಎದ್ದು ಬರುವ ಭಯವೂ ಇಲ್ಲ. ನನ್ನ ಅಭಿಪ್ರಾಯ ಕೇಳಿದರೆ ಹೆಚ್ಚಿನ ಹಳೆಯ ಶೆಡ್ಡುಗಳಿಗೆ ಅಷ್ಟೇ ಸಾಕು. ಬಿಸಿಲು ಬೀಳುವ ಕಡೆ ಎಪಾಕ್ಸಿ ಹಳದಿಯಾಗುತ್ತದೆ, ವೆಲ್ಡಿಂಗ್ ಕಿಡಿ ಬಿದ್ದ ಕಡೆ ಸುಡುತ್ತದೆ, ನೀರು ಚೆಲ್ಲಿದರೆ ಜಾರುತ್ತದೆ. ಇನ್ನು ರೆಡ್ ಆಕ್ಸೈಡ್ ನೆಲವಿದ್ದರೆ ದಯವಿಟ್ಟು ಅದರ ಮೇಲೆ ಏನನ್ನೂ ಹಾಕಬೇಡಿ.

ಎಪಾಕ್ಸಿ ಹಾಕಲೇಬೇಕೆಂದರೆ ಮೇಲಿನ ಆ ದುರ್ಬಲ ಚರ್ಮವನ್ನು ಎಣ್ಣೆಯ ಸಮೇತ ಕೆತ್ತಿ ತೆಗೆಯಬೇಕು. ಆಸಿಡ್ ಹಾಕಿ ತೊಳೆದರೆ ಆಯಿತು ಅನ್ನುವವರಿದ್ದಾರೆ. ಆಸಿಡ್ ಸುಣ್ಣವನ್ನು ತಿನ್ನುತ್ತದೆ, ಎಣ್ಣೆಯನ್ನಲ್ಲ. ಉಳಿದದ್ದು ಗ್ರೈಂಡಿಂಗ್. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಸುದ್ದಿ ಇರುವುದು ಇಲ್ಲಿ.

ಕಾಂಕ್ರೀಟು ಅರೆದಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿದು ಕೂರುತ್ತವೆ. ಸಿಲಿಕೋಸಿಸ್‌ಗೆ ವಾಸಿ ಮಾಡುವ ಮದ್ದಿಲ್ಲ. 1948ರ ಫ್ಯಾಕ್ಟರೀಸ್ ಕಾಯ್ದೆ ಅದನ್ನು ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಇಟ್ಟಿತ್ತು. ಅದೇ ಕಾಯ್ದೆಯ ಪ್ರಕಾರ ಕಾರ್ಖಾನೆ ಅನ್ನಿಸಿಕೊಳ್ಳಲು ವಿದ್ಯುತ್ ಬಳಸುವ ಕಡೆ ಕನಿಷ್ಠ 10 ಜನ ಕೆಲಸಗಾರರಿರಬೇಕಿತ್ತು. ಎಚ್‌ಎಂಟಿಯ ಫಿಟ್ಟರನಿಗೆ ಆ ಕಾಯ್ದೆ ಇತ್ತು, ಕಂಪನಿಯ ಆಸ್ಪತ್ರೆ ಇತ್ತು, ಯೂನಿಯನ್ ಇತ್ತು. ಅವನದೇ ಮನೆಯ ಶೆಡ್ಡಿನಲ್ಲಿ ಎರಡು ದಿನ ಗ್ರೈಂಡರ್ ಹಿಡಿದು ಕೂರುವ ಹುಡುಗನಿಗೆ ಯಾವುದೂ ಇಲ್ಲ. ಮುಖಕ್ಕೆ ಸುತ್ತಿದ ಟವೆಲ್ಲು ಆ ಕಣಗಳನ್ನು ತಡೆಯುವುದಿಲ್ಲ. ಕಾನೂನಿನಲ್ಲಿ ಕಟ್ಟಡ ಕಾರ್ಮಿಕರ ನೋಂದಣಿಗೆ ಅವಕಾಶ ಇದೆ, ಹಿಂದಿನ ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದನ್ನು ತೋರಿಸಬೇಕು. ಇವತ್ತು ವಿದ್ಯಾರಣ್ಯಪುರ, ನಾಳೆ ಯಲಹಂಕ, ನಾಡಿದ್ದು ಹೊಸಕೋಟೆ ಎಂದು ತಿರುಗುವವನಿಗೆ ಆ ದಾಖಲೆ ಬರೆದುಕೊಡುವವರು ಯಾರು?

ಖರ್ಚು ಉಳಿಸಲು ಮನೆಯವರು ಬಿಟ್ಟುಬಿಡುವುದೂ ಇದನ್ನೇ. ಲೇಪದ ಡಬ್ಬಿಗೆ ಚೌಕಾಸಿ ಮಾಡುವುದಿಲ್ಲ, ಧೂಳು ಹೀರುವ ವ್ಯಾಕ್ಯೂಮ್ ಜೋಡಿಸಿದ ಗ್ರೈಂಡರಿಗೆ ಬಾಡಿಗೆ ಜಾಸ್ತಿ ಎಂದು ಬೇಡ ಅನ್ನುತ್ತಾರೆ. ಅದಿಲ್ಲದಿದ್ದರೆ ನೀರು ಹನಿಸುತ್ತ ಅರೆಯಬಹುದು, ಆಗ ನೆಲ ಪೂರ್ತಿ ಒಣಗುವವರೆಗೆ ದಿನಗಟ್ಟಲೆ ಕಾಯಬೇಕು. ಸರಿಯಾದ ರೆಸ್ಪಿರೇಟರ್ ಮಾಸ್ಕು ಎರಡೂ ಪದ್ಧತಿಗೆ ಬೇಕು. ಇದನ್ನು ಕೆಲಸ ಒಪ್ಪಿಸುವಾಗಲೇ ಮಾತಾಡಿಕೊಳ್ಳಬೇಕು, ಶಟರ್ ಎಳೆದ ಮೇಲಲ್ಲ.

ಎಚ್‌ಎಂಟಿ ವಾಚಸ್ ಕಂಪನಿ ಮುಚ್ಚಲು ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟದ್ದು 2016ರ ಜನವರಿಯಲ್ಲಿ. ಜಾಲಹಳ್ಳಿಯಲ್ಲಿ 2019ರಲ್ಲಿ ಎಚ್‌ಎಂಟಿ ಹೆರಿಟೇಜ್ ಮ್ಯೂಸಿಯಂ ತೆರೆಯಿತು, ನೋಡಲೇಬೇಕಾದ ಜಾಗ. ಶೆಡ್ಡುಗಳಿಗೆ ಮ್ಯೂಸಿಯಂ ಇಲ್ಲ. 30-40 ಸೈಟಿನ ಹಳೆಯ ಮನೆ ಕೆಡವಿ ಬಾಡಿಗೆಗೆ ನಾಲ್ಕು ಅಂತಸ್ತು ಎಬ್ಬಿಸುವಾಗ ಮೊದಲು ಹೋಗುವುದು ಅದೇ, ಆ ಜಾಗಕ್ಕೆ ಲಿಫ್ಟಿನ ಗುಂಡಿ ಬರುತ್ತದೆ. ಹಾಗಾಗಿ ಉಳಿಸಿಕೊಂಡು ಸಜ್ಜು ಮಾಡುವವರ ಬಗ್ಗೆ ನನಗೆ ಗೌರವವೇ ಇದೆ. ಅವರಿಗೊಂದು ಕೋರಿಕೆ. ನೆಲ ಅರೆಯಿಸುವ ಮುಂಚೆ ಒಂದು ಫೋಟೋ ತೆಗೆಯಿರಿ. ಲೇಥು ನಿಂತಿದ್ದ ಕಡೆ ನಾಲ್ಕು ಬೋಲ್ಟಿನ ತೂತು, ವೈಸಿನ ಕೆಳಗೆ ಸುತ್ತಿಗೆ ಬಿದ್ದ ಗುಂಡಿ, ಮನುಷ್ಯ ದಿನಾ ನಿಲ್ಲುತ್ತಿದ್ದ ಜಾಗದಲ್ಲಿ ಮಾತ್ರ ಎಣ್ಣೆ ಹಿಡಿಯದೆ ಬೆಳ್ಳಗೆ ಉಳಿದ ಎರಡು ಹೆಜ್ಜೆಯಷ್ಟು ನೆಲ. ಅಜ್ಜ ಇನ್ನೂ ಇದ್ದರೆ ಯಾವ ಗುರುತು ಯಾವ ಕೆಲಸದ್ದು ಎಂದು ಕೇಳಿ ಬರೆದಿಟ್ಟುಕೊಳ್ಳಿ.