ಸರ್ ಕೆ. ಪಿ. ಪುಟ್ಟಣ್ಣಚೆಟ್ಟಿಯವರು ಮತ್ತು ಬೆಂಗಳೂರು ನಗರದ ಅಧ್ಯಕ್ಷಪದವಿ

ಬೆಂಗಳೂರಿನ ಪುರಭವನದ ಮುಂದೆ ದಿನಂಪ್ರತಿ ಸಹಸ್ರಾರು ಜನ ಹಾದುಹೋಗುತ್ತಾರೆ. ಆ ಭವನಕ್ಕೆ ಸರ್ ಕೆ. ಪಿ. ಪುಟ್ಟಣ್ಣಚೆಟ್ಟಿಯವರ ಹೆಸರಿದೆಯೆಂಬುದನ್ನು ಬಲ್ಲವರು ಕೆಲವರು. ಆ ಹೆಸರು ಅಲ್ಲಿಗೆ ಏಕೆ ಬಂದಿತೆಂಬುದನ್ನು ಬಲ್ಲವರು ಇನ್ನೂ ಕೆಲವರು. ನಮ್ಮ ಇತಿಹಾಸಗ್ರಂಥಗಳಲ್ಲಿ ದಿವಾನರಿಗೆ ದೊರೆತಿರುವ ಸ್ಥಾನ ನಗರಾಧ್ಯಕ್ಷರಿಗೆ ದೊರೆತಿಲ್ಲ. ಆದರೆ ಪ್ರಜೆಗಳು ಆಡಳಿತವನ್ನು ಮೊದಲು ಕಾಣುವುದು ದಿವಾನರ ಕಚೇರಿಯಲ್ಲಲ್ಲ, ತಮ್ಮ ಬೀದಿಯ ಚರಂಡಿಯಲ್ಲಿ, ನಲ್ಲಿಯಲ್ಲಿ, ದೀಪದಲ್ಲಿ. ಚುನಾಯಿತನೂ ಅಲ್ಲದ, ಸೇವೆಯಲ್ಲಿರುವ ಅಧಿಕಾರಿಯೂ ಅಲ್ಲದ ಒಬ್ಬ ಅಧ್ಯಕ್ಷನ ಅಧಿಕಾರ ಯಾವುದರ ಮೇಲೆ ನಿಂತಿದ್ದಿತು ಎಂಬುದೇ ಪ್ರಕೃತ ಲೇಖನದಲ್ಲಿ ನಾವು ಪರಿಶೀಲಿಸಬಯಸುವ ಪ್ರಶ್ನೆ.

ಮೊದಲು ಸಂಸ್ಥೆಯ ಪೂರ್ವಚರಿತ್ರೆಯನ್ನು ನೋಡೋಣ. ೧೮೬೨ರ ಮಾರ್ಚ್ ೨೭ರಂದು, ೧೮೫೦ರ ಪಟ್ಟಣ ಸುಧಾರಣಾ ಕಾಯಿದೆಗೆ ಅನುಸಾರವಾಗಿ, ಹಳೆಯ ಪೇಟೆಯ ಒಂಬತ್ತು ಮಂದಿ ಪ್ರಮುಖರನ್ನೊಳಗೊಂಡ ಪುರಮಂಡಲಿಯೊಂದು ಏರ್ಪಟ್ಟಿತು. ದಂಡುಪ್ರದೇಶಕ್ಕೂ ಅಂಥದೇ ಬೇರೊಂದು ಮಂಡಲಿಯಾಯಿತು. ೧೮೮೧ರಲ್ಲಿ ಎರಡಕ್ಕೂ ಶಾಸನಬದ್ಧ ಸ್ವರೂಪ ದೊರೆತು, ಪೇಟೆಗೊಂದು, ದಂಡಿಗೊಂದು ಎಂದು ಎರಡು ಪೌರಸಭೆಗಳು ಪರಸ್ಪರ ಸಂಬಂಧವಿಲ್ಲದೆ ನಡೆದುವು. ಮರುವರ್ಷ ಸದಸ್ಯರಲ್ಲಿ ಅರ್ಧದಷ್ಟು ಮಂದಿಯನ್ನು ಚುನಾಯಿಸಲು ಅವಕಾಶವಾಯಿತು. ಆಸ್ತಿತೆರಿಗೆಯೂ ಜಾರಿಗೆ ಬಂದಿತು. ತೆರಿಗೆ ತೆರುವವನಿಗೆ ಸಭೆಯಲ್ಲಿ ಒಂದು ಮಾತು ದೊರೆತುದು ಹೀಗೆ. ಆದರೆ ಸಭೆಯ ಪೀಠ ಮಾತ್ರ ಸರಕಾರದ ಕೈಯಲ್ಲಿಯೇ ಉಳಿಯಿತು.

ಈ ನಡುವೆ ಪೌರಸಭೆಯ ಹೊರೆ ಬಹಳವಾಗಿ ಬೆಳೆದಿದ್ದಿತು. ೧೮೯೬ರ ವೇಳೆಗೆ ಹೆಸರಘಟ್ಟದ ನೀರು ನಗರಕ್ಕೆ ಬಂದಿತು. ೧೮೯೮ರಲ್ಲಿ ಪ್ಲೇಗು ಹರಡಿ, ಪೇಟೆಯ ಇಕ್ಕಟ್ಟಾದ ಕೇರಿಗಳು ಬರಿದಾದುವು. ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಬೆಳೆಯಲು ಈ ವಿಪತ್ತೇ ಮುಖ್ಯ ಪ್ರೇರಣೆ. ೧೯೦೫ರಲ್ಲಿ ಬೀದಿಗಳಿಗೆ ವಿದ್ಯುದ್ದೀಪ ಬಂದಿತು. ನೀರು, ನೈರ್ಮಲ್ಯ, ದೀಪ, ಹೊಸ ಬಡಾವಣೆ, ಇವೆಲ್ಲವನ್ನೂ ಅನೇಕ ಕೆಲಸಗಳ ನಡುವೆ ಬಿಡುವು ಮಾಡಿಕೊಂಡು ನೋಡುವ ಅಧಿಕಾರಿಯೊಬ್ಬನಿಂದ ನಿರ್ವಹಿಸುವುದು ಸುಲಭವಲ್ಲ. ೧೯೧೨ರಲ್ಲಿ ದಿವಾನರಾದ ಎಂ. ವಿಶ್ವೇಶ್ವರಯ್ಯನವರು ಸ್ಥಳೀಯ ಸ್ವಯಮಾಡಳಿತದಲ್ಲಿ ಆಸಕ್ತರಾಗಿದ್ದರು. ೧೯೧೩ರಲ್ಲಿ ಗೌರವ ಅಧ್ಯಕ್ಷನ ಸ್ಥಾನ ಏರ್ಪಟ್ಟಿತು. ಆ ಸ್ಥಾನಕ್ಕೆ ಬಂದವರು ಪುಟ್ಟಣ್ಣಚೆಟ್ಟಿಯವರು.

ಕೃಷ್ಣರಾಜಪುರ ಪಳ್ಳಿಗೊಂಡೆ ಪುಟ್ಟಣ್ಣಚೆಟ್ಟಿಯವರು ಜನಿಸಿದುದು ೧೮೫೬ರಲ್ಲಿ. ಮೈಸೂರು ಸಂಸ್ಥಾನದ ಸೇವೆಯಲ್ಲಿ ಮೇಲೇರುತ್ತ ಸರಕಾರದ ಕೌನ್ಸಿಲಿನ ಸದಸ್ಯರಾದರು. ರಾಜಸಭಾಭೂಷಣ, ದಿವಾನ್ ಬಹದ್ದೂರ್ ಎಂಬ ಬಿರುದುಗಳು ಅವರಿಗೆ ಸಂದುವು. ಬ್ರಿಟಿಷ್ ಸರಕಾರದ ‘ಸರ್’ ಪದವಿಯೂ ದೊರೆಯಿತು. ಅಧ್ಯಕ್ಷರಾದಾಗ ಅವರಿಗೆ ಐವತ್ತೇಳು ವರ್ಷ. ಅಧಿಕಾರದಿಂದ ನಿವೃತ್ತರಾದವರು ವಿಶ್ರಾಂತಿಯನ್ನು ಬಯಸುವ ವಯಸ್ಸಿನಲ್ಲಿ ಅವರು ಏಳು ವರ್ಷ ಪೇಟೆಯ ಕಸ, ನೀರು, ಬೀದಿಗಳ ಹೊಣೆಯನ್ನು ಹೊತ್ತರು.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಕೌನ್ಸಿಲಿನಲ್ಲಿ ಕುಳಿತಿದ್ದವರನ್ನು ಅಧಿಕಾರೇತರರೆಂದು ಕರೆಯುವುದು ಎಷ್ಟರಮಟ್ಟಿಗೆ ಸರಿ? ಆಕ್ಷೇಪದಲ್ಲಿ ಸತ್ಯಾಂಶವಿದೆ. ಸರಕಾರ ಪೀಠವನ್ನು ಬಿಟ್ಟುಕೊಟ್ಟಿತಾದರೂ, ತನಗೆ ಅಪರಿಚಿತನಾದವನಿಗೆ ಬಿಟ್ಟುಕೊಡಲಿಲ್ಲ. ಆದರೂ ಈ ಬದಲಾವಣೆಯನ್ನು ಅಲ್ಪವೆಂದು ತಳ್ಳಿಹಾಕಲಾಗದು. ಸೇವೆಯಲ್ಲಿರುವ ಅಧಿಕಾರಿ ತನ್ನ ಮೇಲಿನವರಿಗೆ ಉತ್ತರ ಹೇಳಬೇಕು, ವರ್ಗವಾದರೆ ಊರು ಬಿಡಬೇಕು. ಗೌರವ ಅಧ್ಯಕ್ಷನಾದರೋ ಊರಿನಲ್ಲಿಯೇ ಇರತಕ್ಕವನು. ಅವನ ಮಾತು ನಡೆಯುವುದು ಊರವರು ಅವನಲ್ಲಿಟ್ಟ ವಿಶ್ವಾಸದಿಂದ.

ಆ ವಿಶ್ವಾಸಕ್ಕೆ ಪರೀಕ್ಷೆ ಬಂದುದು ೧೯೧೮ರಲ್ಲಿ. ಆ ವರ್ಷದ ಇನ್‌ಫ್ಲುಯೆಂಜಾ ಜ್ವರಕ್ಕೆ ಮೈಸೂರು ಸಂಸ್ಥಾನದಲ್ಲಿ ಒಂದು ಲಕ್ಷಕ್ಕೂ ಮೀರಿ ಜನ ಬಲಿಯಾದರು. ರೋಗಕ್ಕೆ ನಿಶ್ಚಿತ ಮದ್ದಿರಲಿಲ್ಲ. ಮನೆಮಂದಿಯೆಲ್ಲ ಒಮ್ಮೆಗೇ ಮಲಗಿದಾಗ ಗಂಜಿ ಕಾಯಿಸಿಕೊಡುವವರೂ ಇರುತ್ತಿರಲಿಲ್ಲ. ಬೆಂಗಳೂರಿನಲ್ಲಿ ಸ್ವಯಂಸೇವಕರು ಕೇರಿಕೇರಿಗೆ ಔಷಧವನ್ನೂ ಗಂಜಿಯನ್ನೂ ಒಯ್ದರು. ಅರುವತ್ತೆರಡು ವರ್ಷದ ಪುಟ್ಟಣ್ಣಚೆಟ್ಟಿಯವರು ಸ್ವತಃ ಬಡವರ ವಸತಿಗಳಿಗೆ ಹೋಗಿ ಈ ಕಾರ್ಯವನ್ನು ನೋಡಿಕೊಂಡರು. ಸೋಂಕಿನ ಕಾಲದಲ್ಲಿ ವೃದ್ಧಾಪ್ಯದ ಹೊಸ್ತಿಲಲ್ಲಿದ್ದವರು ಹೀಗೆ ತಿರುಗಿದುದನ್ನು ಯಾವ ನಿಯಮವೂ ಅವರಿಂದ ಅಪೇಕ್ಷಿಸಿರಲಿಲ್ಲ. ಅಧ್ಯಕ್ಷಪದವಿಯ ಅರ್ಥ ಕಾಯಿದೆಯ ಪುಟದಿಂದ ಹೊರಬಂದುದು ಇಂಥ ಸಂದರ್ಭದಲ್ಲಿಯೇ ಎಂದು ನಾವು ಭಾವಿಸುತ್ತೇವೆ.

ಇದೇ ಕಾಲದ ಬೋಸ್ನಿಯಾ ದೇಶದ ಸಾರಾಯೆವೊ ನಗರವನ್ನು ಇದರೊಡನೆ ಹೋಲಿಸಿ ನೋಡಬಹುದು. ೧೮೭೮ರಲ್ಲಿ ಆಸ್ಟ್ರಿಯಾ-ಹಂಗೆರಿಯ ಆಡಳಿತಕ್ಕೆ ಒಳಪಟ್ಟ ಆ ನಗರದಲ್ಲಿಯೂ ಸಭಾಸದಸ್ಯರಲ್ಲಿ ಕೆಲವರು ಚುನಾಯಿತರು, ಕೆಲವರು ನೇಮಿತರು. ನಗರಾಧ್ಯಕ್ಷನನ್ನು ನೇಮಿಸುವುದು ಸರಕಾರದ ಅಧಿಕಾರ. ಮೊದಲ ಅಧ್ಯಕ್ಷ ಮುಸ್ತಾಯ್‌ಬೇಗ್ ಫಾದಿಲ್‌ಪಾಶಿಚ್ ೧೮೯೨ರ ವರೆಗೆ ಆ ಪದವಿಯಲ್ಲಿದ್ದನು. ೧೯೧೪ರ ಜೂನ್ ೨೮ರಂದು ಯುವರಾಜ ಫ್ರಾನ್ಸ್ ಫರ್ಡಿನೆಂಡನನ್ನು ನಗರಭವನದಲ್ಲಿ ಸ್ವಾಗತಿಸಿದವನು ಅಂದಿನ ಅಧ್ಯಕ್ಷ ಫೆಹೀಮ್ ಚುರ್ಚಿಚ್. ಅದಾದ ಸ್ವಲ್ಪ ಹೊತ್ತಿನಲ್ಲಿಯೇ ಯುವರಾಜನ ಕೊಲೆಯಾಯಿತು. ದೂರದ ಎರಡು ನಗರಗಳಲ್ಲಿ ಒಂದೇ ಬಗೆಯ ಏರ್ಪಾಡು ಇದ್ದುದು ಆಕಸ್ಮಿಕವಲ್ಲ. ಪ್ರಜೆಗಳ ಒಪ್ಪಿಗೆ ಬೇಕು, ಆದರೆ ಹಿಡಿತ ತಪ್ಪಬಾರದು ಎಂದು ಬಯಸಿದ ಆಳರಸರಿಗೆ, ಊರಿನ ಮಾನ್ಯ ಗೃಹಸ್ಥನನ್ನು ಪೀಠದಲ್ಲಿ ಕೂರಿಸುವುದು ಮಧ್ಯಮಮಾರ್ಗವಾಗಿ ತೋರಿತು.

ಬೆಂಗಳೂರಿನಲ್ಲಿ ಈ ಮಧ್ಯಮಮಾರ್ಗ ಅಲ್ಲಿಗೇ ನಿಲ್ಲಲಿಲ್ಲ. ೧೯೨೦ರಲ್ಲಿ ಅಧ್ಯಕ್ಷಸ್ಥಾನ ಚುನಾಯಿತ ಸ್ಥಾನವಾಯಿತು. ಪುಟ್ಟಣ್ಣಚೆಟ್ಟಿಯವರ ಅವಧಿಯೂ ಅದೇ ವರ್ಷ ಮುಗಿಯಿತು. ೧೯೩೩ರಲ್ಲಿ ಶ್ರೀ ಕೃಷ್ಣರಾಜ ಒಡೆಯರು ಶಂಕುಸ್ಥಾಪನೆ ಮಾಡಿದ ಪುರಭವನ ೧೯೩೫ರಲ್ಲಿ ತೆರೆಯಿತು. ೧೯೩೮ರಲ್ಲಿ ಪುಟ್ಟಣ್ಣಚೆಟ್ಟಿಯವರು ದಿವಂಗತರಾದರು. ೧೯೪೯ರಲ್ಲಿ ಪೇಟೆ ಮತ್ತು ದಂಡಿನ ಸಭೆಗಳು ಒಂದಾಗಿ ಕಾರ್ಪೊರೇಷನ್ ಸ್ಥಾಪಿತವಾಯಿತು. ಮಹಾಪೌರನೆಂಬ ಪದವಿ ಬಂದಿತು.

ಈ ಚರಿತ್ರೆಯನ್ನು ನೇರವಾದ ಏರುಗತಿಯೆಂದು ಓದುವುದು ತಪ್ಪಾದೀತು. ೧೯೭೬ರ ಕರ್ನಾಟಕ ಪೌರನಿಗಮಗಳ ಕಾಯಿದೆಯಲ್ಲಿ ಮಹಾಪೌರನ ಅವಧಿ ಕೇವಲ ಒಂದು ವರ್ಷ. ಕಾರ್ಯನಿರ್ವಾಹಕ ಅಧಿಕಾರ ಆಯುಕ್ತನದು. ೨೦೨೦ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಚುನಾಯಿತ ಸಭೆಯ ಅವಧಿ ಮುಗಿದ ಮೇಲೆ, ನಗರ ವರ್ಷಗಟ್ಟಲೆ ಆಡಳಿತಾಧಿಕಾರಿಯ ಕೈಯಲ್ಲಿದ್ದಿತು. ೧೯೧೩ರಲ್ಲಿ ಅಧಿಕಾರಿಯಿಂದ ನಾಗರಿಕನಿಗೆ ಬಂದ ಪೀಠ ಮತ್ತೆ ಅಧಿಕಾರಿಯ ಬಳಿಗೆ ಹೋಯಿತೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗಗಳಂಥ ನಮ್ಮ ಊರುಗಳ ಪೌರಸಭೆಗಳ ಚರಿತ್ರೆಯನ್ನೂ ಇದೇ ದೃಷ್ಟಿಯಿಂದ ಬರೆಯುವುದು ಅವಶ್ಯಕ: ಪೀಠದಲ್ಲಿ ಕುಳಿತವರು ಯಾರು, ಅವರನ್ನು ಕೂರಿಸಿದವರು ಯಾರು, ಕಷ್ಟಕಾಲದಲ್ಲಿ ಅವರು ಯಾರ ಕೇರಿಗೆ ಹೋದರು. ಪುಟ್ಟಣ್ಣಚೆಟ್ಟಿಯವರನ್ನು ಮತ ಕೊಟ್ಟು ಕೂರಿಸಿದವರು ಯಾರೂ ಇರಲಿಲ್ಲ. ಆದರೂ ಮೂರನೆಯ ಪ್ರಶ್ನೆಗೆ ಅವರ ಬಳಿ ಉತ್ತರವಿದ್ದಿತು. ಮತದಿಂದ ಬರುವ ಅಧಿಕಾರಕ್ಕೂ ಈ ಉತ್ತರ ಬೇಕೇ ಬೇಕು.