ಕಡಲಂಚಿನ ಕಾಯಿಪಲ್ಲೆ ತೋಟ ಮತ್ತು ತುಷಾರದ ಗಡುವು

ಸಮಶೀತೋಷ್ಣ ದೇಶಗಳಲ್ಲಿ ಕಾಯಿಪಲ್ಲೆಯ ತೋಟ ಮಾಡುವವರು ತಮ್ಮ ವರ್ಷವನ್ನು ಎರಡು ಗಡುವುಗಳ ನಡುವೆ ಅಳೆಯುವ ವಾಡಿಕೆಯುಂಟು: ವಸಂತದ ಕಡೆಯ ತುಷಾರಪಾತ ಒಂದು, ಶರತ್ಕಾಲದ ಮೊದಲ ತುಷಾರಪಾತ ಇನ್ನೊಂದು. ಇಬ್ಬನಿ ಎಲೆಯ ಮೇಲೆಯೇ ಹೆಪ್ಪುಗಟ್ಟಿ, ಟೊಮೇಟೊ, ಬದನೆ, ಬೆಂಡೆಗಳಂತಹ ಉಷ್ಣಪ್ರಿಯ ಸಸ್ಯಗಳು ಒಂದೇ ರಾತ್ರಿಯಲ್ಲಿ ಕಪ್ಪಾಗಿ ಜೋತುಬೀಳುವ ನಾಡಿನಲ್ಲಿ ಈ ಗಣನೆ ಸಹಜವಾದುದೇ ಸರಿ. ಆದರೆ ಒಳನಾಡಿನ ಅನುಭವದಿಂದ ಹುಟ್ಟಿದ ಈ ಸೂತ್ರವನ್ನು ಸಮುದ್ರತೀರಕ್ಕೂ ಹಾಗೆಯೇ ಅನ್ವಯಿಸುವುದು ಎಷ್ಟರಮಟ್ಟಿಗೆ ಯುಕ್ತವೆಂಬುದು ಇಲ್ಲಿನ ಜಿಜ್ಞಾಸೆ. ನಿದರ್ಶನಕ್ಕೆ ಕ್ಯಾಲಿಫೋರ್ನಿಯಾದ ಸ್ಯಾನ್‌ಫ್ರಾನ್ಸಿಸ್ಕೊ ಸೀಮೆಯನ್ನು ಆರಿಸಿಕೊಂಡಿದ್ದೇನೆ. ಅಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಹಿತ್ತಿಲಲ್ಲಿ ಅವರೆ, ಬೆಂಡೆ, ಹೀರೆಗಳನ್ನು ಬಿತ್ತುತ್ತಿರುವುದರಿಂದ ಈ ವಿಚಾರ ನಮಗೆ ಪರಕೀಯವೂ ಅಲ್ಲ.

ಮೊದಲು ಗಡುವಿನ ಸ್ವರೂಪವನ್ನೇ ಪರಿಶೀಲಿಸಬೇಕು. ಒಂದೇ ದಿನಾಂಕವಾಗಿ ಅಚ್ಚಾಗುವ ಈ ‘ಕಡೆಯ ತುಷಾರದ ದಿನ’ವು ವಾಸ್ತವವಾಗಿ ಅನೇಕ ವರ್ಷಗಳ ದಾಖಲೆಯಿಂದ, ಸಾಮಾನ್ಯವಾಗಿ ಮೂವತ್ತು ವರ್ಷಗಳದ್ದರಿಂದ, ತೆಗೆದ ಸಂಭಾವ್ಯತೆಯ ಮಧ್ಯಬಿಂದು, ಎಂದರೆ, ಎರಡು ವರ್ಷಕ್ಕೊಮ್ಮೆಯಾದರೂ ಆ ದಿನ ಕಳೆದ ಮೇಲೆ ತುಷಾರ ಬೀಳಬಹುದು. ಮೇಲಾಗಿ ಹವಾಮಾನ ಕೇಂದ್ರದ ಉಷ್ಣಮಾಪಕವು ಆಳೆತ್ತರದ ಪೆಟ್ಟಿಗೆಯಲ್ಲಿರುತ್ತದೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ನೆಲವು ತನ್ನ ಶಾಖವನ್ನು ಆಕಾಶಕ್ಕೆ ಸೂಸಿ, ತಣ್ಣಗಾಗಿ ಭಾರವಾದ ವಾಯು ತಗ್ಗಿಗಿಳಿದು ನಿಂತಾಗ, ಆ ಮಾಪಕ 2 ಡಿಗ್ರಿ ತೋರಿಸುತ್ತಿದ್ದರೂ ಪಾತಿಯಲ್ಲಿನ ಎಲೆಯ ಅಂಚು ಬೆಳ್ಳಗೆ ಹರಳುಗಟ್ಟಿರಬಹುದು.

ಕಡಲ ಮಗ್ಗುಲಲ್ಲಿ ಈ ಭೀತಿ ಬಹಳ ಮಟ್ಟಿಗೆ ಇಲ್ಲ. ಅಪಾರ ಜಲರಾಶಿ ನಿಧಾನವಾಗಿ ಕಾದು ನಿಧಾನವಾಗಿ ಆರುವುದರಿಂದ ಚಳಿಗಾಲದ ರಾತ್ರಿಗಳು ಅಲ್ಲಿ ಮೃದುವಾಗಿರುತ್ತವೆ. ಸ್ಯಾನ್‌ಫ್ರಾನ್ಸಿಸ್ಕೊದ ನಗರಮಧ್ಯದಲ್ಲಿ ಎಷ್ಟೋ ವರ್ಷಗಳು ತುಷಾರವಿಲ್ಲದೆಯೇ ಕಳೆಯುತ್ತವೆ. 1932ರ ಡಿಸೆಂಬರಿನಲ್ಲಿ ದಾಖಲಾದ ಅತ್ಯಂತ ಕೊರೆಯುವ ಚಳಿಯೂ ಸೊನ್ನೆಗಿಂತ ಸುಮಾರು 3 ಡಿಗ್ರಿ ಕೆಳಗಿನದು ಮಾತ್ರ. ಎಷ್ಟೋ ವರ್ಷ ಘಟಿಸದೆಯೇ ಹೋಗುವ ಘಟನೆಯ ಸರಾಸರಿ ದಿನಾಂಕವನ್ನು ನೆಚ್ಚಿ ಬೀಜ ಬಿತ್ತುವುದರಲ್ಲಿ ಅರ್ಥವಿಲ್ಲ.

ಹಾಗಾದರೆ ಅಲ್ಲಿ ಬೆಳೆಯನ್ನು ತಡೆಯುವ ಶಕ್ತಿ ಯಾವುದು? ಬೇಸಗೆಯ ತಂಪು. ವಾಯವ್ಯ ಮಾರುತವು ತೀರದ ಮೇಲ್ನೀರನ್ನು ಒಳಗಡಲಿಗೆ ಸರಿಸಲು, ಆಳದ ತಣ್ಣೀರು ಮೇಲೇರಿ, ಅದರ ಮೇಲೆ ಹಾಯುವ ತೇವದ ಗಾಳಿ ಮಂಜಾಗುತ್ತದೆ. ಕಾದ ಒಳನಾಡಿನ ಕಣಿವೆ ಆ ಮಂಜನ್ನು ಗೋಲ್ಡನ್ ಗೇಟ್ ಜಲಸಂಧಿಯ ಮೂಲಕ ಒಳಕ್ಕೆ ಸೆಳೆಯುತ್ತದೆ. ಆದಕಾರಣ ಜುಲೈ ಮಾಸದ ಹಗಲಿನ ಸರಾಸರಿ ಗರಿಷ್ಠ ಅಲ್ಲಿ ಸುಮಾರು 19 ಡಿಗ್ರಿ, ರಾತ್ರಿಯ ಕನಿಷ್ಠ ಸುಮಾರು 13. ಸಸ್ಯವೃದ್ಧಿಗೆ 10 ಡಿಗ್ರಿಯನ್ನು ತಳಮಟ್ಟವೆಂದು ಗ್ರಹಿಸಿ, ಇವೆರಡರ ಸರಾಸರಿಯಿಂದ ಅದನ್ನು ಕಳೆದರೆ ದಿನವೊಂದಕ್ಕೆ ಉಳಿಯುವ ಉಷ್ಣಾಂಶ 6. ತೀರದಿಂದ ಸುಮಾರು 120 ಕಿಲೋಮೀಟರು ಒಳಗಿರುವ, ಚಳಿಗಾಲದಲ್ಲಿ ತುಷಾರ ಸಾಮಾನ್ಯವಾದ ಸ್ಯಾಕ್ರಮೆಂಟೊದಲ್ಲಿ ಅದೇ ಗಣನೆ 14ನ್ನು ಮೀರುತ್ತದೆ. ತುಷಾರವಿಲ್ಲದ ಊರಿನಲ್ಲಿ ಟೊಮೇಟೊ ಗಿಡ ಹೂಬಿಟ್ಟು ಕಾಯಿ ಕಚ್ಚದೆ ನಿಲ್ಲುವುದಕ್ಕೂ, ತುಷಾರವುಳ್ಳ ಊರಿನಲ್ಲಿ ಅದು ಗೊಂಚಲು ಗೊಂಚಲಾಗಿ ಫಲಿಸುವುದಕ್ಕೂ ಕಾರಣ ಇಲ್ಲಿದೆ. ರಾತ್ರಿಯ ಉಷ್ಣತೆ 13 ಡಿಗ್ರಿಗಿಂತ ಕೆಳಗಿಳಿದಾಗ ಟೊಮೇಟೊದ ಪರಾಗ ದುರ್ಬಲಗೊಂಡು ಹೂ ಉದುರುತ್ತದೆ.

ಅವರೆಯದು ಇನ್ನೂ ಸೂಕ್ಷ್ಮವಾದ ಪ್ರಕರಣ. ನಮ್ಮ ನಾಟಿ ಅವರೆ ಹಗಲು ಕಿರಿದಾಗುವುದನ್ನು ಕಾದು ಹೂಬಿಡುವ ಬಳ್ಳಿ. ಮುಂಗಾರಿನಲ್ಲಿ ಬಿತ್ತಿದ್ದು ಮಾಗಿಯ ಚಳಿಯಲ್ಲಿ ಸೊಗಡಿನ ಕಾಯಿ ಕೊಡುವುದು ಈ ಗುಣದಿಂದಲೇ. 37 ಅಕ್ಷಾಂಶದ ಆ ಸೀಮೆಯಲ್ಲಿ ಜೂನ್ ತಿಂಗಳ ಹಗಲು ಹದಿನಾಲ್ಕೂವರೆ ಗಂಟೆಯನ್ನು ಮೀರುವುದರಿಂದ ಬಳ್ಳಿ ಹಬ್ಬುತ್ತಲೇ ಹೋಗಿ, ಸೆಪ್ಟೆಂಬರ್ ಕಳೆದು ಹೂಬಿಡುವ ವೇಳೆಗೆ ಬೇಕಾದ ಶಾಖ ತೀರುತ್ತ ಬಂದಿರುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳು ಹಗಲಿನ ಅವಧಿಗೆ ಅಂಜದೆ ಹೂಬಿಡುವಂಥವು. ಪರದೇಶದ ಹಿತ್ತಿಲಿಗೂ ಇವೇ ಲೇಸೆಂಬುದು ನನ್ನ ದೃಢವಾದ ಅಭಿಪ್ರಾಯ.

ಕಡಲಂಚಿನ ತೋಟಗಾರನು ತುಷಾರದ ಗಡುವನ್ನು ಬದಿಗಿರಿಸಿ, ಮಂಜಿನ ಋತುವನ್ನೇ ತನ್ನ ಅನುಕೂಲಕ್ಕೆ ತಿರುಗಿಸಿಕೊಳ್ಳಬೇಕು. ಅದೇ ಕರಾವಳಿಯ ಹಾಫ್ ಮೂನ್ ಬೇ ಸುತ್ತಿನ ರೈತರು ಮಂಜಿನಲ್ಲೇ ಆರ್ಟಿಚೋಕ್, ಬ್ರಸಲ್ಸ್ ಮೊಳಕೆಕೋಸುಗಳನ್ನು ಬೆಳೆದು ಜೀವಿಸುತ್ತಾರೆ. ಕೋಸು, ಬಟಾಣಿ, ಮೂಲಂಗಿ, ಸೊಪ್ಪುಗಳಿಗೆ ಅಲ್ಲಿ ವರ್ಷದ ಬಹುಭಾಗವೂ ಹದವೇ; ಕೋಸಿನ ಸಸಿಯನ್ನು ಜುಲೈ-ಆಗಸ್ಟಿನಲ್ಲೇ ಎಬ್ಬಿಸಿದರೆ ಚಳಿಗಾಲದುದ್ದಕ್ಕೂ ಕೊಯ್ಲು. ಟೊಮೇಟೊ ಬೇಕೆಂಬವರು ‘ಅರ್ಲಿ ಗರ್ಲ್’ನಂತಹ ಬೇಗ ಮಾಗುವ ತಳಿಯನ್ನು ದಕ್ಷಿಣಕ್ಕೆ ಮುಖಮಾಡಿದ ಗೋಡೆಯ ಬುಡದಲ್ಲಿ ನೆಡಲಿ. ಬೆಂಡೆ ಬಿತ್ತುವ ಆಸೆಯುಳ್ಳವರು ಕ್ಯಾಲೆಂಡರನ್ನು ನೋಡುವ ಬದಲು, ಉಷ್ಣಮಾಪಕವೊಂದನ್ನು ನಾಲ್ಕು ಅಂಗುಲ ಆಳಕ್ಕೆ ಮಣ್ಣಿನಲ್ಲಿ ಊರಿ, ದಿನವೂ ಬೆಳಿಗ್ಗೆ ಓದಿ ಬರೆದಿಡಲಿ. ಅದು ಸತತವಾಗಿ 18 ಡಿಗ್ರಿಯನ್ನು ದಾಟುವವರೆಗೆ ಬೀಜವನ್ನು ನೆಲಕ್ಕೆ ಹಾಕದಿರಲಿ.